ಅಂಗಳದಲ್ಲಿ ಚೆಕಿಂಗು

ಎರಡು ಬಿದಿರ ಗಳ ನೆಟ್ಟಿದ್ದೀನಿ, ಮೇಲೊಂದು ಅಡ್ಡಗೋಲು.
ಇದೇ ಬಾಗಿಲು ಅಂದ್ಕೋ, ನಗೀನಾ.
ಹಗ್ಗದ ಮಂಚವೇ ಬೆಲ್ಟು,
ಬಟ್ಟೆ ನೆನೆಹಾಕೋ ನೀಲಿ ಬೇಸಿನ್ನೇ ಟ್ರೇ,
ನಾನೇ ಪೊಲೀಸಮ್ಮ, ಈ ಸೌಟೇ ನನ್ನ ಮಿಷನ್ನು.
ನಗಬೇಡ.
ಅಲ್ಲಿ ನಗೋರನ್ನ ಎರಡು ಸಲ ನೋಡ್ತಾರೆ.

ಅಂಗಡಿಹಳ್ಳಿಯ ಅರ್ಧ ಮಕ್ಕಳು ಹಿಂದೆ ಸಾಲು ನಿಂತಿವೆ,
ಪಾಸ್‌ಪೋರ್ಟಿನ ಬದಲು ಬೆಂಕಿಪೊಟ್ಟಣದ ರಟ್ಟು ಹಿಡಿದು.
ಯಾರು ದಾಟಿದರೂ ಬಾಯಲ್ಲೇ ಪೀಂ ಅನ್ನೋ ಕೆಲಸ
ಗಿಡ್ಡನಿಗೆ ಕೊಟ್ಟಿದ್ದೀನಿ. ಅವನು ನಾಯಿ ದಾಟಿದರೂ ಕೂಗ್ತಾನೆ.

ಚಪ್ಪಲಿ ಬಿಚ್ಚು. ಬಳೆ ತೆಗಿ.
ಬರಲ್ವಾ? ಸೋಪು ಹಚ್ಚಿ ಇವತ್ತೇ ತೆಗಿ.
ಅಲ್ಲಿ ಹಿಂದೆ ನಿಂತವರ ಉಸಿರು ಕುತ್ತಿಗೆಗೆ ತಾಕುತ್ತೆ,
ಆಗ ಯಾವ ಬಳೆಯೂ ಬರಲ್ಲ.
ಎಣ್ಣೆ ಸೀಸೆ ಕೈಚೀಲದಲ್ಲಿ ಬೇಡ, ದೊಡ್ಡ ಪೆಟ್ಟಿಗೆಗೆ ಹಾಕು.
ನನ್ನ ಮೊದಲ ಸಲದ ಆರು ಸೀಸೆ
ಅಲ್ಲಿನ ಕಸದ ಡಬ್ಬಿಯೇ ತಲೆಗೆ ಹಚ್ಕೊಂಡಿತು.
ಕೂದಲು ಬಂತೋ ಇಲ್ಲವೋ, ವಿಚಾರಿಸೋಕೆ ಆಗಲಿಲ್ಲ.

ಹೆಸರು ಕೇಳ್ತಾರೆ.
ನಿಂದು ಸಲೀಸು. ನಂದು ಡಿಪೋ.
ಹಾಸನದ ಬಸ್ ಡಿಪೋ ಹಿಂದಿನ ಗೋಡೆಯ ನೆರಳಲ್ಲಿ
ಅವ್ವ ನನ್ನ ಹೆತ್ತಳು,
ಅಪ್ಪ ಯಾವನೋ ಕಂಡಕ್ಟರನ್ನ ಹಿಡಿದು ಬೋರ್ಡು ಓದಿಸಿದ.
ಗಾಜಿನ ಆಚೆಯ ಹುಡುಗ ಪುಸ್ತಕ ನೋಡಿದ, ನನ್ನ ನೋಡಿದ,
'ಇದೂ ಒಂದು ಹೆಸರೇನಮ್ಮ?'
'ಕರೆದರೆ ತಿರುಗಿ ನೋಡ್ತೀನಪ್ಪ' ಅಂದೆ.
ಠಸ್ಸೆ ಒತ್ತಿದ.

ಚೀಲ ಒಳಗೆ ಹೋಗುತ್ತೆ. ಟೀವಿಯಲ್ಲಿ ಅದರ ಹೊಟ್ಟೆ ಕಾಣುತ್ತೆ,
ಕಿತ್ತಳೆ, ಹಸಿರು, ನೀಲಿ.
ಬೇರು ಕಂಡು ಬೆಲ್ಟು ನಿಲ್ಲಿಸಿದರು.
'ಏನಿದು?' 'ಬೇರು ಸಾರ್.'
'ಯಾಕೆ?' 'ಕೂದಲಿಗೆ.'
ಅವನ ಟೋಪಿ ಕೆಳಗಿನ ಬೋಳು ನೋಡಿದೆ, ಏನೂ ಹೇಳಲಿಲ್ಲ.
ಚೀಲ ಕೊಡುವಾಗ ಅವನೇ ಮೆಲ್ಲಗೆ ಕೇಳಿದ:
'ಸೀಸೆಗೆ ಎಷ್ಟು?'

ಈಗ ಬಾಗಿಲು.
ನಿನ್ನ ಮಾವನ ಅಪ್ಪ ಕಾಡಲ್ಲಿ ಹಿಂಗೇ ಗಳ ನೆಡ್ತಿದ್ದ,
ನಡುವೆ ಕುದುರೆ ಬಾಲದ ಕೂದಲಿನ ಉರುಲು.
ಗೌಜಲ ಹಕ್ಕಿ ತಲೆ ಬಗ್ಗಿಸಿ ಬರೋದು.
ಬಂದದ್ದಕ್ಕೆ ಸಿಕ್ಕಿಬೀಳ್ತಿರಲಿಲ್ಲ ಅದು,
ಬೆದರಿ ಎಳೆದದ್ದಕ್ಕೆ.
ಉರುಲು ಒಡ್ಡಿದವರ ಮನೆಯವಳು ನೀನು,
ನೆಟ್ಟಗೆ ನಡಿ.

ಒಂದು ಸಲ ಮಾತ್ರ ನಾನು ಏನೂ ಬಿಚ್ಚದೆ ದಾಟಿದೆ.
ಆ ದೇಶದಲ್ಲಿ ಗುಂಡು ಹಾರಿದ ವರ್ಷ.
ಒಂಬತ್ತು ದಿನ ಒಂದೇ ಕೋಣೆ, ಹದಿನಾಲ್ಕು ಜನ,
ತಲೆಗೆ ಮಾರಬೇಕಿದ್ದ ಎಣ್ಣೆಯಲ್ಲಿ ದೀಪ ಹಚ್ಚಿದೆವು.
ಬರುವಾಗ ಚೀಲ ಇಲ್ಲ, ಬಳೆ ಇಲ್ಲ, ಚಪ್ಪಲಿಯೂ ಒಂದೇ.
ಬಾಗಿಲು ತುಟಿ ಬಿಚ್ಚಲಿಲ್ಲ.
ಅದು ಕೂಗಿದ್ದರೆ ಚೆನ್ನಾಗಿತ್ತು ಅನ್ನಿಸ್ತು ಕಣೆ,
ನನ್ನ ಹತ್ರ ಏನೋ ಇದೆ ಅಂತ.

ಇರಲಿ. ಕೈ ಎರಡೂ ಮೇಲೆತ್ತು.
ಹಂಗೆ. ತಿರುಗು.
ಸೌಟು ಹೆಗಲಿಂದ ಸೊಂಟಕ್ಕೆ ಇಳೀತಿತ್ತು,
ಅವಳು ತಟ್ಟನೆ ಅದನ್ನ ಹಿಡಿದಳು.
'ಅತ್ತೆ, ಈ ಮಿಷನ್ನಿಗೆ
ಒಳಗಿರೋದೂ ಗೊತ್ತಾಗುತ್ತಾ?'

ಯಾರೂ ದಾಟಿರಲಿಲ್ಲ,
ಗಿಡ್ಡ ಪೀಂ ಅಂದ.

ಎಷ್ಟಾಯ್ತು ಅಂತ ಬೆರಳಲ್ಲೇ ಕೇಳಿದೆ.
ಮೂರು ಬೆರಳು ತೋರಿಸಿದಳು.
ಟಿಕೆಟ್ ಇರೋದು ಇಪ್ಪತ್ತೆರಡಕ್ಕೆ.
ಅಲ್ಲೇ ಹೆತ್ತರೆ ಏನು ಹೆಸರು ಅಂತ ಮಕ್ಕಳು ಶುರು ಹಚ್ಚಿದವು:
ಗೇಟು! ಲಗೇಜು! ಲೇಟು!
ಬೇಲೂರು ಬಸ್ಸು ರಸ್ತೆಯಲ್ಲಿ ಹಾರ್ನ್ ಹೊಡೆದು ಹೋಯ್ತು.

ಸಾಕು ಇವತ್ತಿಗೆ.
ಆ ಬೇಸಿನ್ ತಗೊಂಡು ಹೋಗಿ ಬಟ್ಟೆ ನೆನೆಹಾಕು.

ಬೇಡ, ಕೆಳಗಿಡು.
ನಾನೇ ಎತ್ಕೊಳ್ತೀನಿ.